ಕಾಣದ ಗಾಳಿ, ಕಾಣುವ ನೀಹಾರಿಕೆ

ಆಷಾಢದಲ್ಲಿ ಹುಲಿಕಲ್ ಘಾಟಿಯ ನೆತ್ತಿಯಲ್ಲಿ ನಿಂತವರೆಲ್ಲರೂ ಬಲ್ಲರು: ಕಡಲಿನಿಂದ ಬರುವ ಗಾಳಿ ಕಣ್ಣಿಗೆ ಕಾಣದು, ಸಹ್ಯಾದ್ರಿಯ ಗೋಡೆ ತಡೆದು ಮೇಲೇರಿಸಿದಾಗ ಅದು ಮುಗಿಲಾಗಿ, ಮಳೆಯಾಗಿ ತನ್ನ ಇರವನ್ನು ಸಾರುತ್ತದೆ. ಆಕಾಶದಲ್ಲಿಯೂ ತಡೆಯೊಡ್ಡಿದಾಗಲೇ ಗೋಚರಿಸುವ ಗಾಳಿಯೊಂದುಂಟು. ಭಾಷಾಪಂಡಿತನಿಗೆ ಈ ಉಸಾಬರಿ ಏಕೆಂದು ವಿಜ್ಞಾನದ ಉಪಾಧ್ಯಾಯಮಿತ್ರರು ನಗದಿರಲಿ. 'ಗಾಳಿ' ಎಂಬ ನಮ್ಮ ಹಳೆಯ ಮಾತು ಅಲ್ಲಿ ಪಡೆದಿರುವ ಹೊಸ ಅರ್ಥವೇ ನನ್ನನ್ನು ಸೆಳೆದುದು.

ಕ್ರಿ.ಶ. 1054ರಲ್ಲಿ ವೃಷಭರಾಶಿಯಲ್ಲಿ ಹಗಲಿನಲ್ಲಿಯೂ ಕಾಣುವ ಹೊಸ ತಾರೆಯೊಂದನ್ನು ಚೀನೀ ಜ್ಯೋತಿರ್ವಿದರು ದಾಖಲಿಸಿದರು. ಅದು ಭಾರಿ ನಕ್ಷತ್ರವೊಂದರ ಸ್ಫೋಟ, ಸೂಪರ್‌ನೋವಾ. ಸುಮಾರು 6,500 ಜ್ಯೋತಿರ್ವರ್ಷ ದೂರದ ಆ ಸ್ಥಳದಲ್ಲಿ ಇಂದು ಏಡಿ ನೀಹಾರಿಕೆಯಿದೆ. ಅದರ ನಡುವೆ 1968ರಲ್ಲಿ ಪತ್ತೆಯಾದ ಪಲ್ಸಾರ್, ಎಂದರೆ ಸ್ಪಂದತಾರೆ, ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತದೆ. ಈ ತಿರುಗಾಟ ಕುಗ್ಗುತ್ತ ಬಿಟ್ಟುಕೊಡುವ ಶಕ್ತಿಯು ಸೂರ್ಯನು ಬೀರುವುದರ ಲಕ್ಷ ಪಟ್ಟಿನಷ್ಟು! ಅದರ ಬಹುಭಾಗ ಎಲೆಕ್ಟ್ರಾನ್, ಪಾಸಿಟ್ರಾನ್ ಕಣಗಳೂ ಕಾಂತಕ್ಷೇತ್ರವೂ ಕೂಡಿದ ಗಾಳಿಯಾಗಿ, ಬೆಳಕಿನ ವೇಗವನ್ನು ಸಮೀಪಿಸಿ ಹೊರಡುತ್ತದೆ. ಹೊರಟಾಗ ಅದಕ್ಕೆ ಹೊಳಪಿಲ್ಲ. ನಿಧಾನವಾಗಿ ಹಬ್ಬುತ್ತಿರುವ ಅವಶೇಷವು ದಾರಿ ಕಟ್ಟಿದಾಗ ಗಾಳಿ ಥಟ್ಟನೆ ತಡೆಗೊಂಡು ಆಘಾತವುಂಟಾಗುತ್ತದೆ. ಕಾಂತರೇಖೆಗಳನ್ನು ಸುತ್ತುವ ಕಣಗಳು ರೇಡಿಯೋದಿಂದ ಕ್ಷಕಿರಣದವರೆಗೆ ಬೆಳಗುತ್ತವೆ. ಘಾಟಿಯ ಗೋಡೆಯಾದರೋ ಅಚಲ. ಈ ಗೋಡೆ ಸರಿಯುವಂಥದು. ಗಾಳಿ ಅದನ್ನು ಹೊರಕ್ಕೆ ನೂಕುತ್ತದೆ, ನೂಕುವಾಗ ಅದು ಎಳೆಎಳೆಯಾಗಿ ಸೀಳುತ್ತದೆ.

ಕಾಲಾನಂತರ ಅವಶೇಷವೂ ತಿರುಗಿಬೀಳುವುದುಂಟು. ಹೊರಗಿನ ಅನಿಲಕ್ಕೆ ತಾಗಿ ಹಿಂದಿರುಗಿದ ಆಘಾತವು ಗಾಳಿಯ ಗುಳ್ಳೆಯನ್ನು ಹಿಸುಕುತ್ತದೆ. ವೇಲಾ ಅವಶೇಷದಲ್ಲಿ ಒಂದು ಪಕ್ಕದ ಅನಿಲ ದಟ್ಟವಾಗಿದ್ದುದರಿಂದ ಗುಳ್ಳೆಯು ತನ್ನ ತಾರೆಯಿಂದ ಇನ್ನೊಂದು ಪಕ್ಕಕ್ಕೆ ತಳ್ಳಲ್ಪಟ್ಟಿದೆ.

ಈ ವೇಲಾ ತಾರೆಯನ್ನೇ 1969ರಲ್ಲಿ ಆಸ್ಟ್ರೇಲಿಯದಲ್ಲಿ ಅಭ್ಯಸಿಸಿ, ಅದರ ರೇಡಿಯೋ ಮಿಡಿತ ಕಾಂತಧ್ರುವದ ಬಳಿಯಿಂದ ಬರುತ್ತದೆಂದು ಸಹೋದ್ಯೋಗಿಯೊಡನೆ ತೋರಿಸಿದ ವಿ. ರಾಧಾಕೃಷ್ಣನ್ ಅವರು 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1980ರ ದಶಕದಲ್ಲಿ ಅವರೂ ಜಿ. ಶ್ರೀನಿವಾಸನ್ ಅವರೂ ಎತ್ತಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಎಲ್ಲರೂ ಏಡಿಯ ಹೊಳಪನ್ನು ನೋಡುತ್ತಿದ್ದಾಗ ಇವರು ಬರಿದನ್ನು ನೋಡಿದರು: ಒಳಗೆ ತಾರೆಯಿದ್ದರೆ, ಬಹುಪಾಲು ಅವಶೇಷಗಳು ಏಕೆ ಟೊಳ್ಳು ಚಿಪ್ಪುಗಳಂತಿವೆ? ಎಲ್ಲ ಸ್ಪಂದತಾರೆಗಳೂ ಏಡಿಯದರಂತೆ ವೇಗವಾಗಿ ತಿರುಗುತ್ತ ಹುಟ್ಟಲಾರವು, ಗಾಳಿ ಬಲಹೀನವಾದಲ್ಲಿ ನೀಹಾರಿಕೆ ಬೆಳಗದು ಎಂಬುದು ಅವರ ತರ್ಕ.

1999ರಲ್ಲಿ ಚಂದ್ರ ಕ್ಷಕಿರಣ ದೂರದರ್ಶಕವು ಕ್ಯಾಸಿಯೋಪಿಯಾ-ಎ ಎಂಬ ಚಿಪ್ಪಿನತ್ತ ತಿರುಗಿತು. ನಡುವೆ ಚುಕ್ಕೆಯೊಂದು ಕಂಡಿತು. ಅದರ ಸುತ್ತ ಗಾಳಿಯ ನೀಹಾರಿಕೆ ಇರಲಿಲ್ಲ.