ಬಾಡಿಗೆಗಿಂತ ಭಾರ ಅಡ್ವಾನ್ಸು



ಮನೆ ಆಶೀರ್ವಾದದ ದಿನಗಳಲ್ಲಿ ಗುರುಗಳ ಜೊತೆ ಹೋಗುವವರಿಗೆ ಈ ಅನುಭವ ಹೊಸದಲ್ಲ. ಧರ್ಮಕೇಂದ್ರದ ಪುಸ್ತಕದಲ್ಲಿರುವ ವಿಳಾಸ ಹುಡುಕಿಕೊಂಡು ಹೋದರೆ ಬಾಗಿಲು ತೆರೆಯುವವರು ಬೇರೆ ಯಾರೋ. "ಅವರು ಖಾಲಿ ಮಾಡ್ಕೊಂಡು ಹೋಗಿ ಆರು ತಿಂಗಳಾಯ್ತಲ್ಲ" ಎಂಬ ಉತ್ತರ ಬರುತ್ತದೆ. ಸ್ವಂತ ಮನೆಯವರ ಪುಟ ಹತ್ತು ವರ್ಷವಾದರೂ ಹಾಗೆಯೇ ಇರುತ್ತದೆ. ಬಾಡಿಗೆಯವರ ಪುಟದಲ್ಲಿ ಹೊಡೆದು ಬರೆದ ಗೆರೆಗಳೇ ಹೆಚ್ಚು. ಒಂದೊಂದು ಗೆರೆಯೊಂದಿಗೆ ಮಗುವಿನ ಶಾಲೆ, ಧರ್ಮೋಪದೇಶದ ತರಗತಿ, ಪಡಿತರದ ಅಂಗಡಿ, ಸಾಲ ಕೊಡುತ್ತಿದ್ದ ದಿನಸಿ ಅಂಗಡಿ ಎಲ್ಲವೂ ಬದಲಾಗುತ್ತವೆ.

ಈ ಕುಟುಂಬಗಳಿಗೆ ಸರ್ಕಾರ ಏನು ಮಾಡಬಹುದು, ಏನು ಮಾಡುತ್ತಿದೆ, ನಾವೇನು ಮಾಡಬಹುದು ಎಂಬುದು ಈ ವಾರದ ಅಧ್ಯಯನದ ವಿಷಯ. ಮನೆಯಲ್ಲಿ ಊಟವಾದ ಮೇಲೆ ಪೆನ್ಸಿಲು, ಕಾಗದ ಹಿಡಿದುಕೊಂಡೇ ಓದಿದರೆ ಒಳ್ಳೆಯದು. ಲೆಕ್ಕ ಸ್ವಲ್ಪ ಇದೆ.

ಮದ್ದೂರಿನಲ್ಲಿ ಒಂದು ಕುಟುಂಬ ಇದೆ ಎಂದಿಟ್ಟುಕೊಳ್ಳೋಣ. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಕೈಗೆ ಬರುವುದು 12,000 ರೂಪಾಯಿ. ಗಂಡನದು ಗಾರೆ ಕೆಲಸ. ಮಳೆ, ಹಬ್ಬ, ಕೆಲಸವಿಲ್ಲದ ದಿನ ಕಳೆದು ಸರಾಸರಿ 10,000. ಎರಡು ಕೋಣೆಯ ಮನೆಗೆ ಬಾಡಿಗೆ 5,000. ಆದಾಯದ ಶೇಕಡ 30ರೊಳಗೆ ಬಾಡಿಗೆ ಇರಬೇಕು ಎಂಬುದು ವಸತಿ ವಿಷಯ ಬಲ್ಲವರು ಸಾಮಾನ್ಯವಾಗಿ ಬಳಸುವ ಅಳತೆ. 22,000ದಲ್ಲಿ ಶೇಕಡ 30 ಎಂದರೆ 6,600. ಹಾಗಾದರೆ ಈ ಕುಟುಂಬಕ್ಕೆ ಬಾಡಿಗೆ ಕಟ್ಟುವ ಶಕ್ತಿ ಇದೆ ಎಂದಾಯಿತು.

ಆದರೆ ಮನೆಯೊಳಗೆ ಕಾಲಿಡಲು ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. 50,000. ಮನೆ ತೋರಿಸಿದವರಿಗೆ ಒಂದು ತಿಂಗಳ ಬಾಡಿಗೆ. ಸಾಮಾನು ಸಾಗಿಸುವ ಗಾಡಿ ಖರ್ಚು ಬೇರೆ. ಅಡ್ವಾನ್ಸಿನ ಹಣವನ್ನು ಕೈಸಾಲ ತಂದರೆ ಮೂರು ರೂಪಾಯಿ ಬಡ್ಡಿಯಂತೆ ತಿಂಗಳಿಗೆ 1,500. ಈಗ ಬಾಡಿಗೆ 6,500 ಆಯಿತು. ಅಸಲು ಹಾಗೆಯೇ ಉಳಿದಿದೆ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಉಳಿದದ್ದು ಕೈಗೆ ಬರುವುದು ಮುಂದಿನ ಬಾಡಿಗೆದಾರರು ಸಿಕ್ಕ ಮೇಲೆ. ಅಷ್ಟರಲ್ಲಿ ಹೊಸ ಮನೆಗೆ ಮತ್ತೊಂದು ಅಡ್ವಾನ್ಸ್ ಕೊಟ್ಟಾಗಿರಬೇಕು. ಆಷಾಢ ಬಂದರಂತೂ ಮುಗಿಯಿತು, ಆ ತಿಂಗಳು ಮನೆ ಕೊಡುವವರೂ ಇಲ್ಲ, ಹೋಗುವವರೂ ಇಲ್ಲ. ನಮಗೆ ಆಷಾಢದ ಕಟ್ಟುಪಾಡಿಲ್ಲ ಎಂದರೆ ಮಾಲೀಕರು ಕೇಳಬೇಕಲ್ಲ!

ನನ್ನ ಅಭಿಪ್ರಾಯದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳಲ್ಲಿ ಬಡ ಬಾಡಿಗೆದಾರರ ಕಷ್ಟದ ತಿರುಳು ತಿಂಗಳ ಬಾಡಿಗೆಯಲ್ಲಿಲ್ಲ, ಈ ಇಡುಗಂಟಿನಲ್ಲಿದೆ. ಬೆಂಗಳೂರಿನ ಕಥೆ ಬೇರೆ. ಅಲ್ಲಿ ಎರಡೂ ಭಾರ.

ನಮ್ಮ ಕಡೆ ಹಿಂದೆ ಹೀಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕಾಡುಬಂಡೆಗಳ ಆ ಜಾಗಕ್ಕೆ ಕೆಲಸಗಾರರು ಬರಬೇಕಾದರೆ ಮನೆ ಕಟ್ಟಿಕೊಡಲೇಬೇಕಿತ್ತು. 'ಬ್ಲಫ್' ಎಂಬ ಊರು ಬೆಳೆದದ್ದು ಹಾಗೆ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯೂ ಮಂಡ್ಯದಲ್ಲಿ ಕಾರ್ಮಿಕರಿಗೆ ವಸತಿಗೃಹ ಕಟ್ಟಿತು. ಶುಗರ್ ಟೌನ್ ಎಂಬ ಹೆಸರು ಇಂದಿಗೂ ಉಳಿದಿದೆ. ತೋಟ ಕಾರ್ಮಿಕರಿಗೆ ಮಾಲೀಕರೇ ಮನೆ ಕೊಡಬೇಕೆಂದು 1951ರ ಕಾಯ್ದೆ ಹೇಳಿತು, ಕೊಡಗಿನ ಲೈನ್ ಮನೆಗಳನ್ನು ಕಂಡವರಿಗೆ ಇದು ಗೊತ್ತು. ಆದರೆ 1948ರ ಕಾರ್ಖಾನೆ ಕಾಯ್ದೆಯಲ್ಲಿ ಅಂಥ ಮಾತಿರಲಿಲ್ಲ. ಹೀಗಾಗಿ ಅಂದಿನ ಕಾರ್ಖಾನೆ ಕೆಲಸದ ಜೊತೆ ಮನೆ ಕೊಟ್ಟಿತು, ಇಂದಿನ ಕಾರ್ಖಾನೆ ಹಳ್ಳಿಗೆ ಬಸ್ಸು ಕಳುಹಿಸುತ್ತದೆ. ಬಸ್ಸು ಹೋಗದ ಊರಿನವರು, ಬೇರೆ ಜಿಲ್ಲೆಯಿಂದ ಬಂದವರು, ಗಂಡನಿಲ್ಲದ ಹೆಂಗಸರು ಬಾಡಿಗೆ ಮನೆ ಹುಡುಕುತ್ತಾರೆ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಅಲ್ಲಿಂದೀಚೆಗೆ ರಸ್ತೆ ಪಕ್ಕದ ಸೈಟಿನ ಬೆಲೆ ಕೇಳಿದವರು ಸ್ವಂತ ಮನೆಯ ಆಸೆಯನ್ನು ಇನ್ನಷ್ಟು ದೂರ ಇಟ್ಟಿದ್ದಾರೆ.

ಸರ್ಕಾರದ ವಸತಿ ಯೋಜನೆಗಳಿಲ್ಲವೇ? ಇವೆ. ರಾಜ್ಯದಲ್ಲಿ 1991-92ರಿಂದ ಆಶ್ರಯ ಯೋಜನೆ, 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ, ಬಳಿಕ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳು. ಕೇಂದ್ರದಿಂದ 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ. ಇವುಗಳಿಂದ ಸೂರು ಕಂಡ ಕುಟುಂಬಗಳು ನಮ್ಮ ನಡುವೆ ಇರುವುದರಿಂದ ಅವನ್ನು ಹಗುರವಾಗಿ ಕಾಣಬಾರದು. ಆದರೆ ಇವುಗಳಲ್ಲಿ ಹೆಚ್ಚಿನವು ಸ್ವಂತ ಮನೆಯ ಯೋಜನೆಗಳು. ನಿವೇಶನ ಇದ್ದವನಿಗೆ ಕಟ್ಟಲು ಸಹಾಯ. ನಿವೇಶನವೇ ಇಲ್ಲದವನು ಅರ್ಜಿ ಹಾಕಿ ಕಾಯಬೇಕು. ಹಳ್ಳಿಯಲ್ಲಿ ಫಲಾನುಭವಿಯನ್ನು ಗ್ರಾಮಸಭೆ ಆರಿಸುತ್ತದೆ, ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಹಲಗೂರಿನ ಕಡೆಯ ಹಳ್ಳಿಯಿಂದ ಮಂಡ್ಯಕ್ಕೆ ಬಂದ ಕುಟುಂಬಕ್ಕೆ ಹಳ್ಳಿಯವರು "ನೀವು ಇಲ್ಲಿಲ್ಲವಲ್ಲ" ಎನ್ನುತ್ತಾರೆ, ಪಟ್ಟಣದವರು "ರೇಷನ್ ಕಾರ್ಡು ಇಲ್ಲಿಯದಲ್ಲವಲ್ಲ" ಎನ್ನುತ್ತಾರೆ.

ದೇಶದ ಲೆಕ್ಕ ನೋಡಿದರೆ ಇನ್ನೊಂದು ವಿಚಿತ್ರ. ನಗರ ಪ್ರದೇಶಗಳಲ್ಲಿ ಸುಮಾರು 1.87 ಕೋಟಿ ಮನೆಗಳ ಕೊರತೆ ಇದೆಯೆಂದು 2012ರಲ್ಲಿ ಕೇಂದ್ರದ ತಜ್ಞರ ತಂಡ ಅಂದಾಜು ಮಾಡಿತು. ಅದರ ಹಿಂದಿನ ವರ್ಷದ ಜನಗಣತಿಯಲ್ಲಿ ನಗರಗಳಲ್ಲೇ 1.1 ಕೋಟಿ ಮನೆ ಬೀಗ ಹಾಕಿಕೊಂಡು ಖಾಲಿ ಇದ್ದವು. ಬಾಡಿಗೆಗೆ ಕೊಟ್ಟರೆ ಬಿಡಿಸಿಕೊಳ್ಳುವುದು ಕಷ್ಟ ಎಂಬ ಭಯ ಇದಕ್ಕೆ ಒಂದು ಕಾರಣ.

ಈಗ ಪರಿಹಾರಗಳ ವಿಷಯ. ಮೊದಲನೆಯದು ಬಾಡಿಗೆಗೆ ಕಾನೂನಿನ ಮಿತಿ. ನಮ್ಮಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಅದರ ಬದಲು ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿತು. ಇಂದು 2,000ಕ್ಕೆ ಮಂಡ್ಯದಲ್ಲಿ ಎಂಥ ಮನೆ ಸಿಕ್ಕೀತು ಎಂದು ನೀವೇ ಹೇಳಿ. ಹಾಗೆಂದು ಮಿತಿಯನ್ನು ಬಿಗಿ ಮಾಡಿದರೆ ಬೀಗ ಹಾಕಿದ ಮನೆಗಳು ಹೆಚ್ಚಾಗುವ ಅಪಾಯವಿದೆ. ನಮ್ಮ ಊರುಗಳಲ್ಲಿ ಮಾಲೀಕರೆಂದರೆ ಬಹುತೇಕ ದೊಡ್ಡ ಶ್ರೀಮಂತರೇನಲ್ಲ. ನಿವೃತ್ತಿಯ ಹಣದಲ್ಲಿ ಮೇಲೊಂದು ಮನೆ ಕಟ್ಟಿಸಿದ ಮೇಷ್ಟ್ರು, ಗಂಡ ಬಿಟ್ಟುಹೋದ ಎರಡು ಶೀಟಿನ ಮನೆಯ ಬಾಡಿಗೆಯಲ್ಲೇ ಔಷಧಿ ಕೊಳ್ಳುವ ವಿಧವೆ, ಇಂಥವರೂ ಅವರಲ್ಲಿದ್ದಾರೆ. ಅವರ ಅನ್ನಕ್ಕೆ ಕೈ ಹಾಕುವ ಕಾನೂನು ನ್ಯಾಯವೆನಿಸದು.

ಎರಡನೆಯದು, ಬಾಡಿಗೆಯ ಒಂದು ಪಾಲನ್ನು ಸರ್ಕಾರವೇ ಕೊಡುವುದು. ಅಮೆರಿಕದಲ್ಲಿ 1974ರ ಕಾನೂನಿನಿಂದ ಇದು ನಡೆದುಬಂದಿದೆ. ಕುಟುಂಬ ತನ್ನ ಆದಾಯದ ಸುಮಾರು ಶೇಕಡ 30 ಕೊಟ್ಟರೆ ಉಳಿದದ್ದನ್ನು ಸರ್ಕಾರ ಮಾಲೀಕರಿಗೆ ಕೊಡುತ್ತದೆ. ಒಳ್ಳೆಯದೇ, ಆದರೆ ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಮಾತ್ರ ಸಿಗುತ್ತದೆ; ಉಳಿದವರು ವರ್ಷಗಟ್ಟಲೆ ಸಾಲಿನಲ್ಲಿ. ನಮ್ಮಲ್ಲಿ 2023ರಿಂದ ಬಂದ ಗೃಹಲಕ್ಷ್ಮಿಯ 2,000 ರೂಪಾಯಿ ಎಷ್ಟೋ ಮನೆಗಳಲ್ಲಿ ನೇರ ಬಾಡಿಗೆಗೆ ಹೋಗುತ್ತಿದೆ ಎಂಬುದು ತಾಯಂದಿರ ಮಾತು. ಗೃಹಜ್ಯೋತಿಯ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಉಂಟು. ಮೀಟರಿನ ಆರ್.ಆರ್. ಸಂಖ್ಯೆಗೆ ನಿಮ್ಮ ಆಧಾರ್ ಜೋಡಿಸಬೇಕು, ಮನೆ ಬಿಡುವಾಗ ಅದನ್ನು ತೆಗೆಸಬೇಕು.

ಮೂರನೆಯದು, ಸರ್ಕಾರವೋ ಸಂಸ್ಥೆಯೋ ಬಾಡಿಗೆ ಮನೆಗಳನ್ನೇ ಕಟ್ಟುವುದು. ಇದಕ್ಕೆ ನಮ್ಮ ಧರ್ಮಸಭೆಯ ಚರಿತ್ರೆಯಲ್ಲೇ ಸೊಗಸಾದ ಉದಾಹರಣೆಯಿದೆ. ಜರ್ಮನಿಯ ಔಗ್ಸ್‌ಬರ್ಗ್ ನಗರದ ವರ್ತಕ ಯಾಕೋಬ್ ಫುಗ್ಗರ್ ದುಡಿದು ಬಡವರಾಗಿದ್ದ ಕಥೋಲಿಕ ಕುಟುಂಬಗಳಿಗಾಗಿ 1521ರಲ್ಲಿ ಒಂದು ಕೇರಿಯನ್ನೇ ಸ್ಥಾಪಿಸಿದ. ಬಾಡಿಗೆ ವರ್ಷಕ್ಕೆ ಒಂದು ಗುಲ್ಡನ್, ಜೊತೆಗೆ ದಿನಕ್ಕೆ ಮೂರು ಪ್ರಾರ್ಥನೆ: ಪರಲೋಕ ಮಂತ್ರ, ನಮೋ ಮರಿಯ, ವಿಶ್ವಾಸ ಪ್ರಮಾಣ. ಐದು ಶತಮಾನ ಕಳೆದರೂ 'ಫುಗ್ಗರೈ' ಇಂದಿಗೂ ಇದೆ, ಬಾಡಿಗೆಯೂ ಅಷ್ಟೇ: ವರ್ಷಕ್ಕೆ 88 ಸೆಂಟು, ಅಂದರೆ ಒಂದು ಯೂರೋ ಕೂಡ ಅಲ್ಲ. ಸಂಗೀತಗಾರ ಮೊಟ್ಸಾರ್ಟನ ಮುತ್ತಾತನೂ ಅಲ್ಲಿ ವಾಸವಿದ್ದ. ಗಮನಿಸಬೇಕಾದ್ದೆಂದರೆ, ಫುಗ್ಗರ್ ಮನೆಗಳನ್ನು ದಾನವಾಗಿ ಹಂಚಿಬಿಡಲಿಲ್ಲ. ಬಾಡಿಗೆಗೇ ಉಳಿಸಿದ್ದರಿಂದ ಒಬ್ಬರ ನಂತರ ಒಬ್ಬರು ಬಡವರಿಗೆ ಅವು ಸಿಗುತ್ತ ಬಂದವು.

ನಮ್ಮ ದೇಶದಲ್ಲಿ 2020ರಲ್ಲಿ ವಲಸೆ ಕಾರ್ಮಿಕರಿಗಾಗಿ ಕೈಗೆಟುಕುವ ಬಾಡಿಗೆ ವಸತಿಯ ಯೋಜನೆ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ನಗರ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ ಬಾಡಿಗೆ ಮನೆಗೇ ಒಂದು ಪ್ರತ್ಯೇಕ ವಿಭಾಗವಿದೆ. ದುಡಿಯುವ ಮಹಿಳೆಯರು, ಕೈಗಾರಿಕಾ ಕಾರ್ಮಿಕರೂ ಅದರಲ್ಲಿ ಸೇರಿದ್ದಾರೆ. ಗೆಜ್ಜಲಗೆರೆ, ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳ ಹತ್ತಿರ ಹೆಣ್ಣುಮಕ್ಕಳಿಗಾಗಿ ಅಂಥ ಒಂದು ವಸತಿಗೃಹ ಕೇಳುವುದಕ್ಕೆ ನಮ್ಮ ಮಹಿಳಾ ಸಂಘಗಳು ಹಿಂಜರಿಯಬೇಕಿಲ್ಲ.

ಇನ್ನು ಅಡ್ವಾನ್ಸು. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ, ಲಿಖಿತ ಕರಾರು ಕಡ್ಡಾಯ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡಾಗಲೇ ಬಲ. ನಮ್ಮ ಮದ್ದೂರಿನ ಕುಟುಂಬಕ್ಕೆ ಇದು ಅನ್ವಯಿಸಿದರೆ 50,000ದ ಬದಲು 10,000 ಸಾಕು, ಬಡ್ಡಿ 1,500ರ ಬದಲು 300. ಒಂದು ರೂಪಾಯಿ ಸಹಾಯಧನವಿಲ್ಲದೆ ತಿಂಗಳಿಗೆ 1,200 ಉಳಿಯಿತು! ಇಂಗ್ಲೆಂಡಿನಲ್ಲಿ 2007ರಿಂದ ಠೇವಣಿಗೆ ಕಾನೂನಿನ ರಕ್ಷಣೆಯಿದೆ. ಮಾಲೀಕರು ಅದನ್ನು ಮಾನ್ಯ ಸಂಸ್ಥೆಯ ವ್ಯವಸ್ಥೆಯಲ್ಲಿ ಭದ್ರಪಡಿಸಬೇಕು, ತಕರಾರು ಬಂದರೆ ಮೂರನೆಯವರು ತೀರ್ಮಾನಿಸುತ್ತಾರೆ.

ಭೋಗ್ಯದ ಬಗ್ಗೆ ಎರಡು ಮಾತು ಹೇಳದಿದ್ದರೆ ಪಾಠ ಅಪೂರ್ಣ. ಎರಡೋ ಮೂರೋ ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವುದು ನಮ್ಮವರಿಗೆ ಇಷ್ಟ. ತಾಳಿಸರ, ಬಳೆ ಅಡವಿಟ್ಟು ಹಣ ಹೊಂದಿಸುತ್ತಾರೆ. ದಕ್ಷಿಣ ಕೊರಿಯಾದಲ್ಲೂ 'ಜಾನ್ಸೆ' ಎಂಬ ಇಂಥದೇ ಪದ್ಧತಿಯಿದೆ. ಅಲ್ಲಿ ಸಾವಿರಾರು ಬಾಡಿಗೆದಾರರು ಹಣ ಕಳೆದುಕೊಂಡು, 2023ರಲ್ಲಿ ವಿಶೇಷ ಕಾನೂನನ್ನೇ ಮಾಡಬೇಕಾಯಿತು. ಠೇವಣಿ ವಾಪಸಿಗೆ ಸರ್ಕಾರಿ ಸಂಸ್ಥೆಯ ಖಾತರಿಯೂ ಅಲ್ಲಿ ಸಿಗುತ್ತದೆ. ನಮ್ಮಲ್ಲಿ ಅಂಥ ಖಾತರಿಯಿಲ್ಲ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದರೆ ಸಾಕು ಎಂದು ನಂಬಬೇಡಿ. ನೋಂದಣಿಯಾಗದ ಭೋಗ್ಯಪತ್ರ ಹಣ ಕೊಟ್ಟದ್ದಕ್ಕೆ ಸಾಕ್ಷಿಯಾದೀತು, ಮನೆಯ ಮೇಲೆ ಹಕ್ಕು ಕೊಡದು. ಹಣ ಕೊಡುವ ಮೊದಲು ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ. ಕ್ರಯಪತ್ರದ ಅಸಲನ್ನು ಕಣ್ಣಾರೆ ನೋಡಿ. ಅಸಲು ಬ್ಯಾಂಕಿನಲ್ಲಿದೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ನ್ಯಾಯ ಮತ್ತು ಶಾಂತಿಯ ಪೀಠೀಯ ಆಯೋಗ 1987ರಲ್ಲಿ ಮನೆಯಿಲ್ಲದವರ ಬಗ್ಗೆಯೇ ಒಂದು ದಸ್ತಾವೇಜು ಹೊರಡಿಸಿತು. ಮನೆಯಿಲ್ಲದ ನಿನ್ನ ಸಹೋದರನಿಗೆ ಏನು ಮಾಡಿದೆ ಎಂಬ ಪ್ರಶ್ನೆಯೇ ಅದರ ಶೀರ್ಷಿಕೆ. ಪೋಪ್ ಫ್ರಾನ್ಸಿಸ್‌ರವರು 2014ರಲ್ಲಿ ರೋಮಿನಲ್ಲಿ ಜನಚಳವಳಿಗಳ ಪ್ರತಿನಿಧಿಗಳನ್ನು ಭೇಟಿಯಾದಾಗ ಭೂಮಿ, ಸೂರು, ದುಡಿಮೆ ಮೂರನ್ನೂ ಹಕ್ಕುಗಳೆಂದೇ ಕರೆದರು.

ಆ ಪ್ರಶ್ನೆಯನ್ನು ಸರ್ಕಾರಕ್ಕಷ್ಟೇ ಕೇಳಿ ಕೂರಬೇಕಿಲ್ಲ. ಒಂದು ಧರ್ಮಕೇಂದ್ರದಲ್ಲಿ 2 ಲಕ್ಷ ರೂಪಾಯಿಯ ಅಡ್ವಾನ್ಸ್ ನಿಧಿ ಇದ್ದರೆ ಕುಟುಂಬಕ್ಕೆ 20,000ದಂತೆ ಹತ್ತು ಕುಟುಂಬಗಳ ಬಡ್ಡಿ ಸಾಲ ತಪ್ಪುತ್ತದೆ. ಸಂತ ವಿನ್ಸೆಂಟ್ ದೆ ಪೌಲರ ಸಭೆ ಇರುವಲ್ಲಿ ಅವರೇ ಇದನ್ನು ನಡೆಸಬಹುದು. ಹಣ ಕುಟುಂಬದ ಕೈಗೆ ಹೋಗಬಾರದು. ನಿಧಿಯ ಹೆಸರಿನಲ್ಲಿ ಮಾಲೀಕರಿಗೆ ಹೋಗಿ, ಮನೆ ಬಿಟ್ಟಾಗ ನಿಧಿಗೇ ಮರಳುವಂತೆ ಕರಾರಿನಲ್ಲಿ ಬರೆಸಬೇಕು. ಹನ್ನೊಂದು ತಿಂಗಳ ಕರಾರು ಸಾಕು. ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಮಾಲೀಕರಿಗೂ ಲಾಭವಿದೆ, ಗೊತ್ತಿರುವವರ ಮೂಲಕ ಬಂದ ಬಾಡಿಗೆದಾರರು ಸಿಗುತ್ತಾರೆ. ಮಾಂಸ ತಿನ್ನುವವರಿಗೆ ಕೊಡುವುದಿಲ್ಲ, ಒಂಟಿ ಹೆಂಗಸಿಗೆ ಕೊಡುವುದಿಲ್ಲ ಎಂಬ ಮಾತೂ ಆಗ ಸ್ವಲ್ಪ ಮೆದುವಾಗಬಹುದು.

ಕಿರು ಕ್ರೈಸ್ತ ಸಮುದಾಯದ ಮುಂದಿನ ಸಭೆಯಲ್ಲಿ ಚರ್ಚಿಸಲು: ನಮ್ಮ ಸಮುದಾಯದಲ್ಲಿ ಕಳೆದ ಎರಡು ವರ್ಷಗಳಲ್ಲಿ ಮನೆ ಬದಲಿಸಿದ ಕುಟುಂಬಗಳೆಷ್ಟು, ಕಾರಣವೇನು? ಅವರಲ್ಲಿ ಅಡ್ವಾನ್ಸ್ ಪೂರ್ತಿ ವಾಪಸು ಪಡೆದವರು ಯಾರು? ಇನ್ನೊಂದು ಪ್ರಶ್ನೆ ಬಾಡಿಗೆಗೆ ಮನೆ ಕೊಟ್ಟಿರುವ ನಮ್ಮವರಿಗೆ: ನಾವು ಎಷ್ಟು ತಿಂಗಳ ಅಡ್ವಾನ್ಸ್ ತೆಗೆದುಕೊಂಡಿದ್ದೇವೆ, ಅದು ಈಗ ಎಲ್ಲಿದೆ?