ಮನೋವಿಜ್ಞಾನ ಓದಲು ಹೊರಟ ಸಹನಾಳಿಗೆ



ಬಿ.ಎ.ಗೆ ಮನೋವಿಜ್ಞಾನ ತೆಗೆದುಕೊಂಡೆ ಎಂದು ನೀನು ಬರೆದದ್ದು ಓದಿ ತುಂಬಾ ಸಂತೋಷವಾಯಿತು. ಆದರೆ "ಫ್ರಾಯ್ಡ್ ಬಗ್ಗೆ ಹೇಳ್ತಾರೆ ಅಂದ್ಕೊಂಡ್ರೆ ಬರೀ ಸ್ಟ್ಯಾಟಿಸ್ಟಿಕ್ಸು, ಪ್ರಾಕ್ಟಿಕಲ್ಸು" ಎಂಬ ನಿನ್ನ ದೂರನ್ನು ನಾನು ಒಪ್ಪಲಾರೆ. ಈ ಶಾಸ್ತ್ರ ನಮ್ಮ ದೇಶದಲ್ಲಿ ನೆಲೆ ಕಂಡದ್ದೇ ಆ ಬೇಸರದ ಕೆಲಸದಿಂದ ಕಣಮ್ಮ.

ಮೊದಲು ಅದು ತತ್ತ್ವಶಾಸ್ತ್ರದ ಒಂದು ಮೂಲೆಯಲ್ಲಿತ್ತು. ಬ್ರಜೇಂದ್ರನಾಥ ಸೀಲರು ಸ್ವತಃ ತತ್ತ್ವಜ್ಞಾನಿ; ಆದರೂ ಪ್ರಾಯೋಗಿಕ ಮನೋವಿಜ್ಞಾನಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಠ್ಯಕ್ರಮ ರೂಪಿಸಿಕೊಟ್ಟರು. 1916ರಲ್ಲಿ ಅಲ್ಲಿ ವಿಭಾಗ ಶುರುವಾಯಿತು. ಹಾರ್ವರ್ಡಿನಲ್ಲಿ ಕಲಿತು ಬಂದ ನರೇಂದ್ರನಾಥ ಸೇನ್‌ಗುಪ್ತ ಅದರ ಹೊಣೆ ಹೊತ್ತರು. ಮುಂದೆ ಸೀಲರು ಮೈಸೂರಿಗೆ ಉಪಕುಲಪತಿಗಳಾಗಿ ಬಂದರು; ಅವರ ಕಾಲದಲ್ಲೇ, 1924ರಲ್ಲಿ, ಇಲ್ಲೂ ವಿಭಾಗವಾಯಿತು. ಕಟ್ಟಿದವರು ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿ.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಧಾರವಾಡದಲ್ಲಿ ನಡೆದ ಕೆಲಸ. ಬಿನೆ ಬುದ್ಧಿಪರೀಕ್ಷೆ ಹುಟ್ಟಿದ್ದು ಫ್ರಾನ್ಸಿನಲ್ಲಿ, ಪರಿಷ್ಕಾರವಾದದ್ದು ಅಮೆರಿಕದಲ್ಲಿ. ವಿ.ವಿ. ಕಾಮತರು ಧಾರವಾಡದ ಮಕ್ಕಳನ್ನು ಪರೀಕ್ಷಿಸಿ ಅದನ್ನು ಕನ್ನಡಕ್ಕೂ ಮರಾಠಿಗೂ ಹೊಂದಿಸಿದರು. 1940ರಲ್ಲಿ ಅದರ ಪುಸ್ತಕ ಬಂತು. ಪ್ರಶ್ನೆಗಳನ್ನು ಅನುವಾದಿಸಿದರೆ ಸಾಲದೇ ಎನ್ನಬೇಡ. ಇಂಥ ಪರೀಕ್ಷೆಯಲ್ಲಿ ಅಂಕಿ ಹೇಳಿಸುವ ಭಾಗವೊಂದನ್ನೇ ನೋಡು. ಸೆಕೆಂಡಿಗೊಂದರಂತೆ, ದನಿ ಏರಿಳಿಸದೆ ಅಂಕಿಗಳನ್ನು ಹೇಳಬೇಕು. ಮಗು ಕೇಳಿಸಿಕೊಂಡು ತಿರುಗಿ ಒಪ್ಪಿಸಬೇಕು. ಸ್ವಲ್ಪ ರಾಗ ಎಳೆದರೂ ಅಂಕಿಗಳು ಗುಂಪುಗೂಡಿ ಪರೀಕ್ಷೆ ಸುಲಭವಾಗಿಬಿಡುತ್ತದೆ. ಮೇಲಾಗಿ ಇಂಗ್ಲಿಷಿನ ಟೂ, ಫೋರ್, ನೈನ್‌ಗಿಂತ ನಮ್ಮ ಎರಡು, ನಾಲ್ಕು, ಒಂಬತ್ತು ಉದ್ದ. ಉದ್ದವಾದದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ಅಲ್ಲಿಯ ಮಕ್ಕಳ ಅಳತೆಯನ್ನು ಇಲ್ಲಿಯವರಿಗೆ ಹಚ್ಚಿದರೆ ಚುರುಕಾದ ಹುಡುಗನಿಗೂ ಮಂದಬುದ್ಧಿಯ ಹಣೆಪಟ್ಟಿ ಬೀಳಬಹುದು. ಯಾವ ವಯಸ್ಸಿನ ಮಗು ಎಷ್ಟು ಹೇಳುತ್ತದೆ ಎಂಬುದನ್ನು ಒಂದೊಂದು ಮಗುವಿನ ಎದುರೂ ಕೂತು, ಬರೆದುಕೊಂಡು, ಲೆಕ್ಕ ಹಾಕಿಯೇ ತಿಳಿಯಬೇಕು. ನೀನು ಬೈಯುವ ಸ್ಟ್ಯಾಟಿಸ್ಟಿಕ್ಸ್ ಇರುವುದು ಅದಕ್ಕೇ.

ಬಿನೆ–ಕಾಮತ್ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ. ಹೆಮ್ಮೆಯ ಸಂಗತಿಯೇ, ಆದರೆ ಇಷ್ಟು ಹಳೆಯ ಅಳತೆಯನ್ನು ಇನ್ನೂ ನೆಚ್ಚಿಕೊಂಡಿರುವುದು ನಮ್ಮ ವಿಶ್ವವಿದ್ಯಾಲಯಗಳಿಗೆ ಶೋಭೆಯಲ್ಲ. ಕನ್ನಡದ ಮಕ್ಕಳಿಗೆ ಹೊಸ ಅಳತೆ ಬೇಕು. ಅದನ್ನು ಮಾಡಬೇಕಾದವರು ನಿನ್ನ ವಯಸ್ಸಿನವರು.

ಇನ್ನು ಚಿಕಿತ್ಸೆಯ ಮಾತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಅದು ನಿಮ್ಹಾನ್ಸ್‌ನಲ್ಲಿ ಸೇರಿತು. ನಿಮ್ಹಾನ್ಸ್‌ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ. ಇಷ್ಟು ಅಗತ್ಯವಿರುವಾಗ ಡಿಗ್ರಿ ಮುಗಿದ ಮರುದಿನವೇ ಕೌನ್ಸೆಲರ್ ಎಂದು ಬೋರ್ಡು ಹಾಕಿಕೊಳ್ಳುವ ಆಸೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ತರಬೇತಿ ಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ನಿನ್ನೆದುರು ಕೂತು ಅಳುವವರ ಮೇಲೆ ಕಲಿಯುವುದು ತಪ್ಪು.

ಕನ್ನಡದಲ್ಲೂ ಓದು. ಎಂ. ಶಿವರಾಂ ಅವರ 'ಮನಮಂಥನ'ದಿಂದ ಶುರು ಮಾಡು. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ ಅದು. ಮತ್ತೆ, ಪ್ರಾಕ್ಟಿಕಲ್ ರೆಕಾರ್ಡನ್ನು ಗೆಳತಿಯರಿಂದ ನಕಲು ಮಾಡಬೇಡ. ಪ್ರಯೋಗವನ್ನು ನೀನೇ ಮಾಡು, ಬಂದ ಅಂಕಿಯನ್ನು ಬಂದ ಹಾಗೇ ಬರೆ.

ಇಂತು,
ನಿನ್ನ ದೊಡ್ಡಪ್ಪ