ಗೆಲ್ಲದ ಹಸಿರಿಗೆ ಓಟು ಹಾಕಬಹುದೇ?

ಪ್ರಶ್ನೆ: ಕೆಲಸಕ್ಕೆಂದು ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ಭಾರತದ ಪೌರತ್ವ ಬಿಟ್ಟಿಲ್ಲ, ಆದರೂ ಇಲ್ಲಿ ಓಟಿನ ಹಕ್ಕಿದೆ. ಪರಿಸರದ ಕಾಳಜಿಯಿಂದಾಗಿ ನನ್ನ ಮನಸ್ಸು ಗ್ರೀನ್ ಪಕ್ಷದ ಕಡೆಗಿದೆ. ಆದರೆ ನಮ್ಮ ಕ್ಷೇತ್ರದಲ್ಲಿ ಅವರು ಗೆಲ್ಲುವ ಲಕ್ಷಣವಿಲ್ಲ. "ಅವರಿಗೆ ಹಾಕಿದರೆ ನಿನಗೆ ಬೇಡದವರನ್ನೇ ಗೆಲ್ಲಿಸಿದ ಹಾಗೆ" ಎಂದು ಗೆಳೆಯರು ಹೆದರಿಸುತ್ತಾರೆ. ಇದು ನಿಜವೇ?

ಉತ್ತರ: ಅರ್ಧ ನಿಜ. ಉಳಿದರ್ಧ ನಿಮ್ಮ ಕ್ಷೇತ್ರ ಯಾವುದು ಎಂಬುದರ ಮೇಲೆ ನಿಂತಿದೆ, ಅದನ್ನೇ ನೀವು ಬರೆದಿಲ್ಲ. ಕಳೆದ ಸಲ ಗೆದ್ದವರಿಗೂ ಎರಡನೆಯವರಿಗೂ ಹದಿನೈದು ಸಾವಿರದ ಅಂತರವಿದ್ದು, ಗಾಳಿ ಈಗಲೂ ಹಾಗೆಯೇ ಬೀಸುತ್ತಿದ್ದರೆ ಗೆಳೆಯರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡಿ. ಅಂಥ ಕಡೆ ನಿಮ್ಮ ಒಂದು ಓಟಿನಿಂದ ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಅಂತರ ಸಾವಿರ, ಎರಡು ಸಾವಿರದ ಆಸುಪಾಸಿನಲ್ಲಿದ್ದರೆ ಮಾತ್ರ ನಿಮ್ಮದು ನಿಜವಾದ ಇಕ್ಕಟ್ಟು.

ಈ ಇಕ್ಕಟ್ಟು ನಮಗೇನೂ ಹೊಸದಲ್ಲ. ನಾವು ಬ್ರಿಟನ್ನಿನಿಂದಲೇ ಪಡೆದ ಪದ್ಧತಿ ಇದು: ಎಲ್ಲರಿಗಿಂತ ಒಂದು ಓಟು ಹೆಚ್ಚು ಪಡೆದವರು ಗೆದ್ದರು, ಉಳಿದವರಿಗೆ ಬಿದ್ದ ಓಟು ಲೆಕ್ಕಕ್ಕಿಲ್ಲ. 2024ರಲ್ಲಿ ಲೇಬರ್ ಪಕ್ಷ ಸುಮಾರು ಶೇ. 34ರಷ್ಟು ಮತ ಪಡೆದು 650ರಲ್ಲಿ 411 ಸ್ಥಾನ ಗೆದ್ದಿತು. ಗ್ರೀನ್ ಪಕ್ಷಗಳಿಗೆ 19 ಲಕ್ಷಕ್ಕೂ ಹೆಚ್ಚು ಓಟು ಬಿದ್ದವು, ದಕ್ಕಿದ್ದು ನಾಲ್ಕೇ ಸ್ಥಾನ. 1989ರ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಯ ಕಥೆ ಇನ್ನೂ ವಿಚಿತ್ರ. ಬ್ರಿಟನ್ನಿನ ಗ್ರೀನ್ ಪಕ್ಷಕ್ಕೆ ಆಗ 22 ಲಕ್ಷಕ್ಕೂ ಹೆಚ್ಚು ಓಟು, ಅಂದರೆ ಶೇ. 15ರ ಹತ್ತಿರ, ಸ್ಥಾನ ಸೊನ್ನೆ. ಹತ್ತು ವರ್ಷದ ಮೇಲೆ ಆ ಚುನಾವಣೆಗೆ ಪ್ರಮಾಣಾನುಗುಣ ಪದ್ಧತಿ ಬಂದಾಗ ಶೇ. 6ರಷ್ಟು ಮತಕ್ಕೇ ಎರಡು ಸ್ಥಾನ ಸಿಕ್ಕಿತು. ಹಾಗೆಂದು 1989ರ ಓಟುಗಳೆಲ್ಲ ನೀರಿನಲ್ಲಿ ಹೋಮವಾದವು ಎನ್ನಲಾರೆ. ಮರುವರ್ಷವೇ ಥ್ಯಾಚರ್ ಸರ್ಕಾರ ಪರಿಸರ ನೀತಿಯ ಶ್ವೇತಪತ್ರ ಹೊರಡಿಸಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಇಷ್ಟು ಓಟು ಕೈತಪ್ಪಿದ್ದನ್ನು ಕಂಡೂ ಸುಮ್ಮನಿರುವ ಆಡಳಿತ ಪಕ್ಷ ಯಾವುದೂ ಇಲ್ಲ.

ಗೆಳೆಯರ ಭಯಕ್ಕೆ ಆಧಾರ ಬೇಕಾದರೆ ಅಮೆರಿಕದ 2000ನೇ ಇಸವಿಯ ಅಧ್ಯಕ್ಷೀಯ ಚುನಾವಣೆ ಇದೆ. ಫ್ಲಾರಿಡಾದಲ್ಲಿ ಬುಷ್ ಗೆದ್ದದ್ದು 537 ಓಟಿನಿಂದ. ಗ್ರೀನ್ ಅಭ್ಯರ್ಥಿ ರಾಲ್ಫ್ ನೇಡರ್ ಅದೇ ರಾಜ್ಯದಲ್ಲಿ ಪಡೆದದ್ದು 97,488. ಸೋತವರು ಅಲ್ ಗೋರ್, ಮುಂದೆ ಹವಾಮಾನದ ಕೆಲಸಕ್ಕಾಗಿಯೇ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡವರು. ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಬುಷ್ ಸರ್ಕಾರ ಹವಾಮಾನ ಕುರಿತ ಕ್ಯೋಟೊ ಒಪ್ಪಂದಕ್ಕೆ ಬೆನ್ನು ತಿರುಗಿಸಿತು. 537ಕ್ಕಿಂತ ಹೆಚ್ಚು ಓಟು ಪಡೆದ ಸಣ್ಣಪುಟ್ಟ ಅಭ್ಯರ್ಥಿಗಳು ಫ್ಲಾರಿಡಾದಲ್ಲಿ ಇನ್ನೂ ಹಲವರಿದ್ದರು ಎಂದು ನೇಡರ್ ಕಡೆಯವರು ವಾದಿಸುತ್ತಾರೆ. ವಾದ ಸರಿಯೇ. ಆದರೆ ಪರಿಸರಕ್ಕಾಗಿ ಓಟು ಹಾಕಿದವರಿಗೆ ಆ ಫಲಿತಾಂಶದಿಂದ ಆದ ನಷ್ಟವನ್ನು ಅದು ತುಂಬಿಕೊಡುವುದಿಲ್ಲ.

ಇನ್ನೊಂದು ಮಗ್ಗುಲನ್ನೂ ನೋಡಿ. "ಗೆಲ್ಲುವುದಿಲ್ಲ" ಎಂದು ಎಲ್ಲರೂ ನಂಬಿದರೆ ಸೋಲು ಅಲ್ಲಿಯೇ ಖಚಿತವಾಗುತ್ತದೆ. ಬ್ರಿಸ್ಟಲ್ ವೆಸ್ಟ್‌ನಲ್ಲಿ 2019ರಲ್ಲಿ ಗ್ರೀನ್ ಪಕ್ಷದ ಕಾರ್ಲಾ ಡೆನಿಯರ್ ಲೇಬರ್ ಎದುರು 28 ಸಾವಿರ ಓಟಿನಿಂದ ಸೋತರು. ಅಂದಿನ ಲೆಕ್ಕ ಹಿಡಿದು ಮಾತಾಡುವವರು ಅದು ಆಗಹೋಗದ ಕ್ಷೇತ್ರ ಎಂದು ಕೈಬಿಡುತ್ತಿದ್ದರು. ಐದು ವರ್ಷದ ನಂತರ, ಗಡಿ ಬದಲಾಗಿ ಬ್ರಿಸ್ಟಲ್ ಸೆಂಟ್ರಲ್ ಆದ ಅದೇ ಭಾಗದಲ್ಲಿ, ಅದೇ ಎದುರಾಳಿಯನ್ನು ಅವರು ಹತ್ತು ಸಾವಿರಕ್ಕೂ ಹೆಚ್ಚು ಅಂತರದಿಂದ ಸೋಲಿಸಿದರು. ನಡುವೆ ಪವಾಡವೇನೂ ನಡೆಯಲಿಲ್ಲ. ಪಕ್ಷ ನಗರ ಪಾಲಿಕೆಯಲ್ಲಿ ವಾರ್ಡಿನಿಂದ ವಾರ್ಡಿಗೆ ಬೆಳೆಯುತ್ತ ಹೋಗಿ, 2024ರ ಮೇ ತಿಂಗಳಲ್ಲಿ 70ರಲ್ಲಿ 34 ವಾರ್ಡು ಸ್ಥಾನಗಳನ್ನು ಹಿಡಿದಿತ್ತು.

ಇನ್ನೂ ಸ್ವಾರಸ್ಯವಾದದ್ದು ನಾರ್ತ್ ಹೆರಿಫರ್ಡ್‌ಶೈರ್. ಹೊಲಗದ್ದೆಗಳ ನಾಡು, ಕನ್ಸರ್ವೇಟಿವ್ ಪಕ್ಷದ ಭದ್ರಕೋಟೆ. ಅಲ್ಲಿ 2019ರಲ್ಲಿ ಗ್ರೀನ್ ಪಕ್ಷದ ಪಾಲು ಶೇ. 10 ಕೂಡ ಮುಟ್ಟಿರಲಿಲ್ಲ; 2024ರಲ್ಲಿ ಅದೇ ಪಕ್ಷದ ಎಲೀ ಚೌನ್ಸ್ ಗೆದ್ದರು. ಕನ್ಸರ್ವೇಟಿವ್ ಅಭ್ಯರ್ಥಿಯನ್ನು ಸೋಲಿಸಬಲ್ಲವರು ಯಾರು ಎಂದು ನೋಡಿ, ಬೇರೆ ಪಕ್ಷಗಳನ್ನು ಮೆಚ್ಚುವವರೂ ಗ್ರೀನ್‌ಗೆ ಓಟು ಹಾಕಿದರು. ಲೆಕ್ಕ ಹಾಕಿ ಓಟು ಹಾಕುವುದೆಂದರೆ ಸಣ್ಣ ಪಕ್ಷ ಯಾವಾಗಲೂ ತ್ಯಾಗ ಮಾಡಬೇಕು ಎಂದೇ ನಿಮ್ಮ ಗೆಳೆಯರು ತಿಳಿದಂತಿದೆ. ತ್ಯಾಗ ದೊಡ್ಡ ಪಕ್ಷದ ಪಾಲಿಗೂ ಬರಬಹುದು.

ತ್ಯಾಗಕ್ಕೆ ಬೆಲೆಯೂ ಇದೆ, ಅದು ಪೌಂಡುಗಳಲ್ಲಿ. ಬ್ರಿಟನ್ನಿನಲ್ಲಿ ಸಂಸತ್ತಿಗೆ ಬಂದ ವಿರೋಧ ಪಕ್ಷಗಳಿಗೆ ಸರ್ಕಾರಿ ಹಣ ಸಿಗುತ್ತದೆ. ಸ್ಥಾನಕ್ಕಿಷ್ಟು, ದೇಶದಾದ್ಯಂತ ಬಿದ್ದ ಪ್ರತಿ 200 ಓಟಿಗಿಷ್ಟು ಎಂದು ಲೆಕ್ಕ. ಸೋಲುವ ಕ್ಷೇತ್ರದಲ್ಲಿ ಹಾಕಿದ ಓಟೂ ಇದರಲ್ಲಿ ಎಣಿಕೆಯಾಗುತ್ತದೆ. ಗ್ರೀನ್ ಪಕ್ಷಗಳಿಗೆ 2015ರಲ್ಲಿ 11 ಲಕ್ಷ ದಾಟಿದ್ದ ಓಟು 2017ರಲ್ಲಿ 5.25 ಲಕ್ಷಕ್ಕೆ ಇಳಿಯಿತು: ಕೆಲವು ಕಡೆ ಪಕ್ಷವೇ ಕಣದಿಂದ ಹಿಂದೆ ಸರಿದಿತ್ತು, ಉಳಿದ ಕಡೆ ನಿಮ್ಮಂಥ ಅನೇಕರು ಭಯದಿಂದ ಲೇಬರ್ ಕಡೆ ವಾಲಿದರು. ಓಟಿನ ಜೊತೆ ಹಣವೂ ಹೋಯಿತು. ಶೇ. 5 ದಾಟದ ಅಭ್ಯರ್ಥಿ 500 ಪೌಂಡಿನ ಠೇವಣಿಯನ್ನೂ ಕಳೆದುಕೊಳ್ಳುತ್ತಾರೆ. ಸಣ್ಣ ಪಕ್ಷಕ್ಕೆ ಇದು ಸಣ್ಣ ಮೊತ್ತವಲ್ಲ.

ಪಕ್ಷಪಕ್ಷಗಳೇ ಮಾತಾಡಿಕೊಂಡರೆ ಮತದಾರರಿಗೆ ಈ ತಲೆನೋವು ತಪ್ಪುತ್ತದೆ. ನಮ್ಮಲ್ಲಿ 2023ರಲ್ಲಿ ಕಾಂಗ್ರೆಸ್ ಮೇಲುಕೋಟೆಯಲ್ಲಿ ಅಭ್ಯರ್ಥಿ ಹಾಕದೆ ರೈತ ಸಂಘದ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಬಿಟ್ಟುಕೊಟ್ಟಿತು, ದರ್ಶನ್ ಪುಟ್ಟಣ್ಣಯ್ಯ ಗೆದ್ದರು. ಬ್ರಿಟನ್ನಿನಲ್ಲಿ ಬಿಟ್ಟುಕೊಡುವ ಕೆಲಸ ಹೆಚ್ಚಾಗಿ ಗ್ರೀನ್ ಪಕ್ಷದ್ದೇ. 2016ರ ರಿಚ್ಮಂಡ್ ಪಾರ್ಕ್ ಉಪಚುನಾವಣೆಯಲ್ಲಿ ಅವರು ಹಿಂದೆ ಸರಿದು ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿ ಗೆಲ್ಲಲು ನೆರವಾದರು. ಮರುವರ್ಷ ಮತ್ತೆ ಸರಿದರೂ ಅದೇ ಅಭ್ಯರ್ಥಿ 45 ಓಟಿನಿಂದ ಸೋತರು. ಮತದಾರರು ಒಂದನೇ, ಎರಡನೇ ಆಯ್ಕೆ ಎಂದು ಕ್ರಮವಾಗಿ ಗುರುತು ಹಾಕುವ ಪದ್ಧತಿ ಬಂದಿದ್ದರೆ ನೀವು ನನಗೆ ಪತ್ರ ಬರೆಯಬೇಕಾಗಿರಲಿಲ್ಲ. ಅದಕ್ಕೆಂದು 2011ರಲ್ಲಿ ಜನಮತಗಣನೆಯೇ ನಡೆದು, ಶೇ. 68ರಷ್ಟು ಮತದಾರರು ಬೇಡವೆಂದರು.

ಹಾಗಾದರೆ ಸೋಲುವುದು ಗೊತ್ತಿದ್ದೂ ನಿಲ್ಲುವುದಕ್ಕೆ ಅರ್ಥವೇ ಇಲ್ಲವೇ? ಅದೇ 1989ರಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಕೆನರಾ ಲೋಕಸಭಾ ಕ್ಷೇತ್ರದಿಂದ ನಿಂತರು, 87ರ ವಯಸ್ಸಿನಲ್ಲಿ. ಸೋತರು. ಸ್ಥಾವರವೂ ಎದ್ದಿತು, 2000ದ ಹೊತ್ತಿಗೆ ವಿದ್ಯುತ್ತೂ ಬಂತು. ಅಂದು ಅವರಿಗೆ ಓಟು ಹಾಕಿದವರು ಅವರನ್ನು ದೆಹಲಿಗೆ ಕಳಿಸುವ ನಂಬಿಕೆಯಿಂದಷ್ಟೇ ಹಾಕಿರಲಾರರು. ಈ ಯೋಜನೆಗೆ ನಮ್ಮ ಒಪ್ಪಿಗೆಯಿಲ್ಲ ಎಂದು ದಾಖಲಿಸುವುದೂ ಅದರಲ್ಲಿತ್ತು. ಅಂಥ ಓಟನ್ನು ನಾನು ಹಾಳಾದ ಓಟು ಎನ್ನುವುದಿಲ್ಲ. ಆದರೆ ಯಾವುದಕ್ಕೆ ಹಾಕುತ್ತಿದ್ದೇವೆ ಎಂಬುದು ಹಾಕುವವರಿಗೆ ಗೊತ್ತಿರಬೇಕು.

ಇಷ್ಟರ ಮೇಲೆ ನನ್ನ ತೀರ್ಮಾನ ಕೇಳಿದರೆ ಹೇಳುತ್ತೇನೆ. ಅಂತರ ದೊಡ್ಡದಿರುವ ಕಡೆ ಗ್ರೀನ್‌ಗೇ ಹಾಕಿ, ಅಳುಕಬೇಡಿ. ಹಣಾಹಣಿ ಇದ್ದು, ಮುಂಚೂಣಿಯ ಇಬ್ಬರಲ್ಲಿ ಒಬ್ಬರು ಪರಿಸರಕ್ಕೆ ನಿಜವಾಗಿ ಹೆಚ್ಚು ಹಾನಿ ಮಾಡುವವರೆಂದು ಅವರ ಪ್ರಣಾಳಿಕೆ ಓದಿ ಖಚಿತವಾದರೆ, ಒಲ್ಲದ ಮನಸ್ಸಿನಿಂದಲಾದರೂ ಇನ್ನೊಬ್ಬರಿಗೆ ಹಾಕಿ. ಇಬ್ಬರೂ ಒಂದೇ ಎನಿಸಿದರೆ ಲೆಕ್ಕಾಚಾರ ಬಿಟ್ಟುಬಿಡಿ. "ಇಲ್ಲಿ ಗೆಲ್ಲಬಲ್ಲವರು ನಾವು ಮಾತ್ರ" ಎಂದು ಕಂಬಗಳ ನಕ್ಷೆ ಬರೆದು ಬಾಗಿಲ ಸಂದಿಯಲ್ಲಿ ತೂರಿಸುವ ಕರಪತ್ರಗಳನ್ನು ನಂಬಬೇಡಿ. ತಮಗೆ ಅನುಕೂಲವಾದ ಯಾವುದೋ ಚುನಾವಣೆಯ ಅಂಕಿ ಹಿಡಿದು ಅವನ್ನು ಬರೆಯುವುದು ಅಲ್ಲಿ ಎಲ್ಲ ಪಕ್ಷಗಳ ಚಾಳಿ. ಇನ್ನು ಕೌನ್ಸಿಲ್ ಚುನಾವಣೆಯಲ್ಲಂತೂ ಲೆಕ್ಕವೇ ಬೇರೆ. ಒಂದು ವಾರ್ಡಿನಲ್ಲಿ ಕೆಲವು ನೂರು ಓಟು ಫಲಿತಾಂಶ ಬದಲಿಸುತ್ತದೆ, ಬ್ರಿಸ್ಟಲ್ ಗೆಲುವು ಶುರುವಾದದ್ದು ಅಲ್ಲಿಂದಲೇ. ನಿಮ್ಮ ಓಟಿಗಿಂತ ನಿಮ್ಮ ಶನಿವಾರದ ಮಧ್ಯಾಹ್ನಗಳು ಅಲ್ಲಿ ಪಕ್ಷಕ್ಕೆ ಹೆಚ್ಚು ಬೇಕಾಗುತ್ತವೆ.

ಕೊನೆಯದಾಗಿ, ಕಾಮನ್‌ವೆಲ್ತ್ ಪ್ರಜೆಯಾಗಿ ನಿಮಗೆ ಸಂಸತ್ತು, ಕೌನ್ಸಿಲ್ ಎರಡಕ್ಕೂ ಓಟಿನ ಹಕ್ಕಿದೆ, ಆದರೆ ಮೊದಲೇ ಹೆಸರು ನೋಂದಾಯಿಸಿರಬೇಕು. ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ದಾಖಲೆ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ಸಾಕು.